ಎರಡು ಎಂಜಿನ್ನಿನ ಬೋಟು ಮತ್ತು ಹುಲಗಮ್ಮನ ತವರು

ರೇಣುಕಾ ಮಾತು ಕೊಟ್ಟಳೆಂದರೆ ಮುಗಿಯಿತು. ಕೊಟ್ಟ ಮಾತು ತಪ್ಪೋ ಸರಿಯೋ ಎಂದು ಆಮೇಲೆ ಕೂತು ಯೋಚಿಸುವ ಅಭ್ಯಾಸ ಅವಳಿಗಿಲ್ಲ. ಸರಿ ಮಾಡಿ ತೋರಿಸುವ ಅಭ್ಯಾಸವಿದೆ. ಮುನಿರಾಬಾದಿನ ಆಚೆ, ಹಿನ್ನೀರಿನ ದಂಡೆಯ ಆ ಊರಿನಲ್ಲಿ ಇದು ನಾಯಿಮರಿಗೂ ಗೊತ್ತು. ಅಂಥವಳು ಯುಗಾದಿಯ ದಿನ ಬೇವು ಬೆಲ್ಲ ಹಂಚುತ್ತ, ಎಲ್ಲರೆದುರಿಗೆ ಅತ್ತೆ ಹುಲಗಮ್ಮನಿಗೆ ಹೇಳಿಬಿಟ್ಟಳು:

"ಅತ್ತ್ಯಾರ, ಈ ಬ್ಯಾಸಗಿ ಮುಗಿಯೂದ್ರಾಗ ನಿಮ್ಮನ್ನ ತವರಮನಿಗೆ ಕರ್ಕೊಂಡು ಹೊಕ್ಕೀನ್ರಿ. ಅಲ್ಲೇ ನಿಮ್ಮ ಉಡಿ ತುಂಬತೀನಿ."

ಕಟ್ಟೆಯ ಮೇಲೆ ಕೂತಿದ್ದ ಮಾವ ಮುದುಕಪ್ಪ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. "ಆಕಿ ತವರು ನೀರಾಗ ಐತೆವ್ವಾ! ಮೀನು ಬಂದು ಉಡಿ ತುಂಬಬೇಕಷ್ಟ."

"ಮೀನ್ಯಾಕ್ರಿ ಮಾವ, ನಾ ಇಲ್ಲೇನು?" ಅಂದಳು ರೇಣುಕಾ. ಹುಲಗಮ್ಮ ಎದ್ದು ಒಳಗೆ ಹೋದಳು, ಅಷ್ಟೇ.

ಮುದುಕಪ್ಪನ ನಗೆಯಲ್ಲಿ ಹಳೆಯ ಮುಳ್ಳೊಂದಿತ್ತು. ಗಂಡ ಹೆಂಡತಿ ಜಗಳವಾಡಿದಾಗ ಊರಿನ ಉಳಿದ ಹೆಂಗಸರು ಗಂಟು ಕಟ್ಟಿಕೊಂಡು "ನಾ ತವರಿಗೆ ಹೊಂಟೆ" ಅನ್ನುತ್ತಿದ್ದರು. ನಾಲ್ಕು ದಿನ ಇದ್ದು, ಉಡಿ ತುಂಬಿಸಿಕೊಂಡು, ಮುಖ ತೊಳೆದಂತಾಗಿ ಬರುತ್ತಿದ್ದರು. ಉಡಿ ತುಂಬುವುದೆಂದರೆ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಬಳೆ, ಕುಬಸದ ಕಣ ಹಾಕಿ ಕಳಿಸುವುದು. ಕುಬಸದ ಕಣವೆಂದರೆ ಬರೀ ರವಿಕೆಗಾಗುವ ಮೊಳದಷ್ಟು ಬಟ್ಟೆಯ ತುಂಡು, ಆದರೆ ಅದಿಲ್ಲದೆ ಉಡಿ ಉಡಿಯಲ್ಲ. ಹುಲಗಮ್ಮನಿಗೆ ಆ ಭಾಗ್ಯ ಇರಲಿಲ್ಲ. ಡ್ಯಾಮು ತುಂಬಿದಾಗ ಆಕೆ ಇನ್ನೂ ಹುಡುಗಿ. ಅವಳೂರು ಕಲ್ಲಡಗಿ ಇಡಿಯಾಗಿ ನೀರಿನೊಳಗೆ ಹೋಯಿತು. ಮದುವೆಯಾಗುವಾಗ ಉಡಿ ತುಂಬಿದ್ದು ಅಳವಂಡಿಯ ಸೋದರಮಾವನ ಮನೆಯಲ್ಲಿ, ಪರರ ಹೊಸ್ತಿಲಲ್ಲಿ. ಅಣ್ಣ ತಮ್ಮಂದಿರು ಕೂಲಿಗೆಂದು ದಿಕ್ಕಿಗೊಬ್ಬರಾದರು, ಈಗ ಒಬ್ಬರೂ ಉಳಿದಿಲ್ಲ. ಜಗಳ ಬಂದಾಗ ಮುದುಕಪ್ಪ "ಹೋಗು ನಿನ್ನ ತವರಿಗೆ" ಅಂದುಬಿಡುತ್ತಿದ್ದ. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಕಡು ಬೇಸಿಗೆಯಲ್ಲಿ ಮಾತ್ರ ನೀರು ಇಳಿದು ಕಲ್ಲಡಗಿಯ ಎತ್ತರದ ಓಣಿ ತಲೆ ಎತ್ತುತ್ತಿತ್ತು. ಹುಲಗಮ್ಮನ ಮನೆ ಅದೇ ಓಣಿಯಲ್ಲಿತ್ತಂತೆ. ಮನೆಯ ಮುಂದೆ ಹಾಸುಗಲ್ಲಿನ ಕಟ್ಟೆ, ಕಟ್ಟೆಯಲ್ಲೇ ಕೊರೆದ, ಕಾಳು ಕುಟ್ಟುವ ಒಳ್ಳು. ಚಿಕ್ಕಂದಿನಲ್ಲಿ ಒನಕೆ ಕೈ ಜಾರಿ ಆ ಒಳ್ಳಿನ ಬಾಯಿಯ ಒಂದು ಚೂರು ಹಾರಿಹೋಗಿತ್ತೆಂದೂ, ಅದಕ್ಕೆ ಅವ್ವ ಬೆನ್ನಿನ ಮೇಲೆ ಗುದ್ದಿದ್ದಳೆಂದೂ ಹುಲಗಮ್ಮ ಹೇಳುತ್ತಿದ್ದಳು. ಆದರೆ ಅಲ್ಲಿಗೆ ಹೋಗುವುದು ಹೇಗೆ? ತೆಪ್ಪ ಗರಗರ ತಿರುಗಿದರೆ ಮುದುಕಿಗೆ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಅರ್ಧ ದಾರಿಗೆ ಹೋಗಿ ಗಾಳಿಗೆ ಹೆದರಿ ತಿರುಗಿ ಬಂದದ್ದಾಗಿತ್ತು. ಹೆಣ್ಣುಮಕ್ಕಳ ಸಂಘದ, ತಳದಲ್ಲಿ ಫ್ಯಾನು ತಿರುಗುವ ಬೋಟು ಆ ಕಲ್ಲುಗಳ ನಡುವೆ ಹೋದರೆ ಫ್ಯಾನು ಪುಡಿಪುಡಿ.

ಆ ಸಂಘದ ಅಧ್ಯಕ್ಷೆ ರೇಣುಕಾ. ಭಾನುವಾರ ಗಿಣಿಗೇರಾದ ಕಾರ್ಖಾನೆಯವರು ಹೆಂಡಿರು ಮಕ್ಕಳೊಂದಿಗೆ ಬರುತ್ತಾರೆ, ಮಂಗಳವಾರ ಶುಕ್ರವಾರ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಬಂದ ಭಕ್ತರು ಬರುತ್ತಾರೆ. ಎಲ್ಲರನ್ನೂ ನೀರಿನ ಮೇಲೆ ಒಂದು ಸುತ್ತು ತಿರುಗಿಸಿ ತರುವುದು ಸಂಘದ ಕಸುಬು. ಬೋಟು ಓಡಿಸುವವನು ರೇಣುಕಾಳ ಮೈದುನ ಯಮನೂರ. ಹಳೆಯ ಬೋಟಿನ ಫ್ಯಾನು ಅವನ ಕಾಲಿನ ಎರಡು ಬೆರಳು ತಿಂದಮೇಲೆ, ಇನ್ನು ಫ್ಯಾನೇ ಇಲ್ಲದ ಜೆಟ್ ಬೋಟು ತರಬೇಕೆಂದು ಸಂಘ ಒಮ್ಮತದಿಂದ ಒಪ್ಪಿತ್ತು. ಜೆಟ್ ಬೋಟು ತಳದ ಬಾಯಿಯಿಂದ ನೀರು ಹೀರಿ ಹಿಂದಕ್ಕೆ ಉಗುಳುತ್ತದೆ, ಆ ರಭಸಕ್ಕೆ ಮುಂದೆ ಓಡುತ್ತದೆ. ಬೆರಳಿಗೂ ಭಯವಿಲ್ಲ, ತೆಳ್ಳನೆಯ ನೀರಿಗೂ ಭಯವಿಲ್ಲ.

ಆದರೆ ಯಾವುದು? ಸಣ್ಣದೋ ದೊಡ್ಡದೋ? ಅಲ್ಲಿ ಒಮ್ಮತ ಒಡೆಯಿತು.

"ದೊಡ್ಡದs ತರೂನು," ಅಂದಳು ರೇಣುಕಾ. "ಎರಡು ಎಂಜಿನ್ ಅದಾವು. ನಡುನೀರಾಗ ಒಂದು ಕೈಕೊಟ್ರ ಇನ್ನೊಂದು ದಂಡಿ ಮುಟ್ಟಸತೈತಿ. ಮಂದಿ ಜೀವ ಹೊತ್ತು ಹೋಗೂದು, ಹುಡುಗಾಟೇನು?"

"ಒಂದರ ಬದಲಿ ಎರಡು ಸಣ್ಣವು ಬರತಾವಲ್ಲ ಆ ರೊಕ್ಕದಾಗ," ಅಂದಳು ಭೀಮಕ್ಕ. ಸಂಘದಲ್ಲಿ ರೇಣುಕಾಳಿಗೆ ಎದುರಾಡುವ ಎದೆ ಇದ್ದವಳು ಅವಳೊಬ್ಬಳೇ. "ಆಡಿನ ಹಟ್ಟ್ಯಾಗ ಆನಿ ಕಟ್ಟತೀಯೇನಬೇ?"

"ಕಟ್ಟತೀನಿ. ಹಟ್ಟಿ ದೊಡ್ಡದು ಮಾಡತೀನಿ."

ಇದು ರೇಣುಕಾಳ ಮಾತಿನ ಧಾಟಿ. ದೊಡ್ಡದಾದರೆ ಅತ್ತೆಯ ಸಂಗಡ ಸಂಘದ ಹೆಂಗಸರೆಲ್ಲ ಹೋಗಬಹುದು, ತವರಿಗೆ ಹೋಗುವ ಹೆಣ್ಣಿನ ಹಿಂದೆ ಒಂದು ದಿಬ್ಬಣವೇ ಇರುತ್ತದೆ ಎಂಬ ಆಸೆಯೂ ಅವಳಿಗಿತ್ತು. ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಬೋಟು ಮಾರುವ ತಿರುಮಲೇಶನೇ ದಾರಿ ತೋರಿಸಿದ. ಗಂಗಾವತಿಯ ಹುಡುಗ, ಕಪ್ಪು ಕನ್ನಡಕ, ಮಾತು ಬೆಣ್ಣೆಯಲ್ಲಿ ಕರಿದಂತೆ. "ಅಕ್ಕಾರ, ಫಿಕರ್ ಮಾಡಬ್ಯಾಡ್ರಿ. ಎರಡೂ ತರತೀನಿ. ಹತ್ತಿ ನೋಡ್ರಿ, ಓಡಿಸಿ ನೋಡ್ರಿ, ಆಮ್ಯಾಲ ಹೇಳ್ರಿ," ಅಂದ. ರೇಣುಕಾ ಪರೀಕ್ಷೆಯ ದಾರಿಯನ್ನು ಅಲ್ಲೇ ಗೊತ್ತು ಮಾಡಿದಳು: ಕಲ್ಲಡಗಿ. ಆಕಾಶದಲ್ಲಿ ಮೋಡ ಕಾಣಿಸತೊಡಗಿದ್ದವು. ಮೇಲೆ ಮಳೆಯಾಗಿ ಹೊಸ ನೀರು ಬಂದರೆ ಓಣಿ ಮತ್ತೆ ಮುಳುಗುತ್ತದೆ, ಅವಳ ಮಾತೂ ಮುಳುಗುತ್ತದೆ. ಇನ್ನೊಂದು ಬೇಸಿಗೆಗೆ ಹುಲಗಮ್ಮ ಇರುತ್ತಾಳೆಂದು ಯಾವ ದೇವರು ಬರೆದುಕೊಟ್ಟಿದ್ದಾನೆ?

ಅಂದು ಬೆಳಿಗ್ಗೆ ಹುಲಗಮ್ಮ ಇಳಕಲ್ ಸೀರೆ ಉಟ್ಟು ಬಂದಳು. ದೊಡ್ಡ ಬೋಟಿನಲ್ಲಿ ಸೋಫಾದಂಥ ಆಸನ, ಮೇಲೆ ನೆರಳಿನ ಚಪ್ಪರ, ಹಾಡಿನ ಪೆಟ್ಟಿಗೆ. ಆಕೆ ಆಸನವನ್ನು ಕೈಯಿಂದ ಒತ್ತಿ ನೋಡಿ, "ಯವ್ವಾ, ನನ್ನ ಮದಿವಿ ಹಾಸಿಗಿನೂ ಹಿಂಗ ಮೆತ್ತಗಿರಲಿಲ್ಲ!" ಅಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ತಿರುಮಲೇಶ ದೊಡ್ಡದನ್ನು ಓಡಿಸಿದ. ಸಣ್ಣದರಲ್ಲಿ ಯಮನೂರ, ಪಕ್ಕದಲ್ಲಿ ಹಟಕ್ಕೆ ಬಿದ್ದ ಭೀಮಕ್ಕ. ದೊಡ್ಡ ಬೋಟು ಎಷ್ಟು ಹಗುರವಾಗಿ ಓಡಿತೆಂದರೆ ರೇಣುಕಾ ಹಿಂತಿರುಗಿ ಭೀಮಕ್ಕನಿಗೆ ಕೈ ಬೀಸಿದಳು. ಆ ಬೀಸುವಿಕೆಯಲ್ಲಿ ಒಂದಿಷ್ಟು ಸೊಕ್ಕಿತ್ತು, ಇಲ್ಲವೆಂದು ಹೇಳಲಾರೆ.

ಕಲ್ಲಡಗಿಯ ಗೋಡೆಗಳು ಕಾಣುವಷ್ಟು ಹತ್ತಿರ ಹೋದಾಗ ತಿರುಮಲೇಶ ಬೋಟನ್ನು ನ್ಯೂಟ್ರಲ್ಲಿಗೆ ಹಾಕಿ ನಿಲ್ಲಿಸಿದ. "ಇದರ ಮುಂದ ಇದು ಹೋಗಂಗಿಲ್ರಿ ಅಕ್ಕಾರ. ಭಾಳ ಮಂದಿ ಅದೀರಿ, ತಳ ಕಲ್ಲಿಗೆ ಹತ್ತತೈತಿ," ಅಂದವನೇ ಮುಂದಿನ ತುದಿಗೆ ಹೋಗಿ ಬಗ್ಗಿ ನೀರಿನ ಆಳ ನೋಡತೊಡಗಿದ.

ಬೋಟು ನಿಂತಿತಲ್ಲ, ಇನ್ನೇನು ತಡ? ಈ ಕಡೆಯ ಹೆಣ್ಣುಮಕ್ಕಳು ನೀರಿಗೆ ಉಡಿ ತುಂಬದೆ ನೀರು ದಾಟುವುದಿಲ್ಲ, ಗಂಗವ್ವನೂ ಹೆಣ್ಣೇ. ಅದರಲ್ಲೂ ಇದು ಒಂದೂರಿನ ಮನೆ ಮಠಗಳನ್ನೇ ಹೊತ್ತುಕೊಂಡ ನೀರು. ಎಲ್ಲರೂ ಹಿಂದಿನ ಹಲಗೆಗೆ ಬಂದು, ಎಡಕ್ಕೆ ಅರ್ಧ ಬಲಕ್ಕೆ ಅರ್ಧ ನಿಂತು, ಅರಿಷಿಣ ಕುಂಕುಮ ಹಾಕಿ ತಮ್ಮ ತಮ್ಮ ಕುಬಸದ ಕಣವನ್ನು ನೀರಿಗೆ ಬಿಟ್ಟರು. ಸಂಘದ ಖೈರುನಬಿಯೂ ತನ್ನ ಕೆಂಪು ಕಣ ಬಿಟ್ಟಳು. ಕೊನೆಗೆ ಹುಲಗಮ್ಮ ಹಸಿರು ಕಣವನ್ನು ಕಣ್ಣಿಗೊತ್ತಿಕೊಂಡು ಬಿಟ್ಟಳು. ರೇಣುಕಾ ಅತ್ತೆಗೆಂದು ತಂದಿದ್ದ ಹೊಸ ಕಣವನ್ನೂ ಸಡಗರದಲ್ಲಿ ನೀರಿಗೇ ಬಿಟ್ಟುಬಿಟ್ಟಳು. ಓಣಿ ಮುಟ್ಟುವುದರೊಳಗೆ ಇನ್ನೊಂದು ಸಿಗುತ್ತದೆಂಬ ಹಾಗೆ!

ಹಳೆಯ ಬೋಟಿನಲ್ಲಿ ನ್ಯೂಟ್ರಲ್ ಅಂದರೆ ಫ್ಯಾನು ನಿಂತಿತೆಂದೇ ಅರ್ಥ. ಇದರಲ್ಲಿ ಹಾಗಲ್ಲ. ಬೋಟು ನಿಂತರೂ ಎಂಜಿನ್ ಆಡುತ್ತಿರುವ ತನಕ ತಳದ ಬಾಯಿ ನೀರು ಹೀರುತ್ತಲೇ ಇರುತ್ತದೆ. ತೇಲುತ್ತಿದ್ದ ಕಣಗಳು ಒಂದೊಂದಾಗಿ ಬೋಟಿನ ಅಡಿಗೆ ನುಸುಳಿದವು. "ನೋಡ್ರಬೇ, ಗಂಗವ್ವ ಹೆಂಗ ಕೈಚಾಚಿ ತಗೊಳಾಕತ್ತಾಳ!" ಎಂದು ಖೈರುನಬಿ ಕೈಮುಗಿಯುವಷ್ಟರಲ್ಲಿ ಎಡಗಡೆಯ ಎಂಜಿನ್ನು ಕೆಮ್ಮಿ ನಿಂತಿತು. ತಿರುಮಲೇಶ ಬೆಚ್ಚಿ ಓಡಿಬರುವಾಗ ಬಲಗಡೆಯದೂ ನಿಂತಿತು.

"ಏನು ಹಾಕೀರಿ ಅಕ್ಕಾರ ನೀರಾಗ?"

"ಉಡಿ," ಅಂದಳು ರೇಣುಕಾ.

ಪಾಪ, ಅವನು ರೆಸಾರ್ಟುಗಳಿಗೆ ಬೋಟು ಮಾರಿದವನು. ಬೋಟಿಗೆ ಯಾರಾದರೂ ಕುಬಸ ತಿನ್ನಿಸುತ್ತಾರೆಂದು ಅವನ ಕಂಪನಿಯವರು ಕನಸಿನಲ್ಲೂ ಎಣಿಸಿರಲಿಲ್ಲ.

ಪಡುವಣ ಗಾಳಿ ಎದ್ದಿತು. ಅಷ್ಟು ಹೊತ್ತು ನೆರಳು ಕೊಟ್ಟ ಚಪ್ಪರವೇ ಈಗ ಗಾಳಿ ಹಿಡಿದು, ದೊಡ್ಡ ಬೋಟನ್ನು ಅಡ್ಡಡ್ಡಲಾಗಿ ಗೋಡೆಗಳ ಕಡೆಗೆ ನೂಕತೊಡಗಿತು. ಹೆಂಗಸರು ದೇವಿ ಹುಲಿಗೆಮ್ಮನನ್ನು ಕೂಗಿದರು. ರೇಣುಕಾ ಅವರಿಗಿಂತ ಜೋರಾಗಿ ಕೂಗಿದಳು. "ಎಲ್ಲಾರೂ ನಡುವ ಕುಂದರ್ರಿ! ಯಮನೂರ, ಹಗ್ಗ ಒಗಿ!"

ಸಣ್ಣ ಬೋಟು ಸರ್ರನೆ ಬಂದಿತು. ಯಮನೂರ ಹಗ್ಗ ಎಸೆದ, ರೇಣುಕಾ ಹಿಡಿದು ಕಟ್ಟಿದಳು. ಆಡು ಆನೆಯನ್ನು ಎಳೆಯಿತು. ಸಾವಕಾಶ ಎಳೆಯಿತು, ಆದರೆ ಎಳೆಯಿತು. ಗೋಡೆಯಿಂದ ದೂರ ಬಂದ ಮೇಲೆ ತಿರುಮಲೇಶ ಲಂಗರು ಇಳಿಸಿ, ಹಿಂದಿನ ಮುಚ್ಚಳ ತೆಗೆದು, ಒಳಗೆ ಕೈ ಹಾಕಿ ಜಗ್ಗತೊಡಗಿದ. ಚಿಂದಿ ಬಂತು, ದಾರ ಬಂತು, ಖೈರುನಬಿಯ ಕೆಂಪು ಕಣದ ಅರ್ಧ ಬಂತು. ಉಳಿದದ್ದು ಒಳಗಿನ ಚಕ್ರಕ್ಕೆ ಬಿಗಿಯಾಗಿ ಸುತ್ತಿಕೊಂಡಿತ್ತು.

"ನಡೀರಬೇ, ಮನಿಗೆ ಹೋಗೂನು," ಅಂದಳು ಹುಲಗಮ್ಮ ಮೆಲ್ಲಗೆ. "ಇಷ್ಟು ಹತ್ರ ಬಂದು ಕಂಡ್ನಲ್ಲ. ಸಾಕು."

ಆ "ಸಾಕು" ರೇಣುಕಾಳನ್ನು ಕೆರಳಿಸಿತು. ಇಷ್ಟು ವರ್ಷ ಸಾಕು ಸಾಕು ಎಂದೇ ಬಾಳಿದ ಮುದುಕಿ ಈಕೆ. "ಯಾರಿಗೆ ಸಾಕ್ರಿ? ನನಗ ಸಾಕಾಗಿಲ್ಲ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಭೀಮಕ್ಕಾ, ನೀ ಇತ್ತ ಬಾ. ಅತ್ತ್ಯಾರ, ನನ್ನ ಕೊರಳಿಗೆ ಕೈ ಹಾಕ್ರಿ."

ಆಗ ತಿರುಮಲೇಶನ ಕೈಗೆ ಇನ್ನೊಂದು ಕಣ ಸಿಕ್ಕಿತು. ಒದ್ದೆಯಾಗಿ ಮುದುಡಿತ್ತು, ಆದರೆ ಹರಿದಿರಲಿಲ್ಲ. ಹಸಿರು ಬಣ್ಣದ್ದು. ಅವನು ಚಿಂದಿಯ ಜೊತೆ ಎಸೆಯಲು ಹೋದ. ರೇಣುಕಾ ಕಸಿದುಕೊಂಡು ಹಿಂಡಿ ಮಡಿಲಲ್ಲಿಟ್ಟಳು. ಗಂಗವ್ವನಿಗೆ ಕೊಟ್ಟದ್ದನ್ನು ತಿರುಗಿ ಪಡೆಯಬಾರದೆಂದು ಅವಳಿಗೆ ಗೊತ್ತಿತ್ತು. ಬೇರೆ ಕಣ ಇರಲಿಲ್ಲ, ಅದೂ ಗೊತ್ತಿತ್ತು.

ಭೀಮಕ್ಕ ದೊಡ್ಡದಕ್ಕೆ ಬಂದಳು, ಸಣ್ಣ ಬೋಟು ಯಮನೂರ, ಅತ್ತೆ, ಸೊಸೆ ಮೂವರನ್ನು ಹೊತ್ತು ಗೋಡೆಗಳ ನಡುವೆ ಹೊಕ್ಕಿತು. ನೀರು ಮೊಣಕಾಲಿನಷ್ಟಾದಾಗ ಯಮನೂರ ಎಂಜಿನ್ ಪೂರ್ತಿ ಆರಿಸಿ, ಬಿದಿರಿನ ಗಳು ಊರಿ ನೂಕಿದ. ಹುಲಗಮ್ಮ ಕತ್ತು ಚಾಚಿ ಒಂದೊಂದೇ ಗೋಡೆಯನ್ನು ಹೆಸರು ಹಿಡಿದು ಕರೆದಳು. ಇದು ಕುಂಬಾರರ ಮನಿ, ಇದು ಗೌಡರ ದನದ ಗ್ವಾದಲಿ. ಆಮೇಲೆ ಮಾತು ನಿಂತಿತು. ಎದುರಿಗೆ ಒಂದು ಹಾಸುಗಲ್ಲು, ಅದರ ಮೇಲೆ ಗೇಣುದ್ದ ನೀರು, ನೀರಿನ ಕೆಳಗೆ ಒಂದು ಒಳ್ಳು. ಅದರ ಬಾಯಿಯ ಒಂದು ಚೂರು ಹಾರಿಹೋಗಿತ್ತು.

ರೇಣುಕಾ ಕೈಹಿಡಿದು ಇಳಿಸಿದಳು. ಹುಲಗಮ್ಮ ಬಗ್ಗಿ, ಆ ಒಡಕಿಗೆ ಬೆರಳಿಟ್ಟು, "ಯವ್ವಾ, ನನ್ನ ಕೈಯಾಗ ಒಡೀತಬೇ," ಎಂದು ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಯಮನೂರ ಮುಖ ಆ ಕಡೆ ತಿರುಗಿಸಿಕೊಂಡ.

ಅಳು ಇಳಿದ ಮೇಲೆ ರೇಣುಕಾ ಕುಂಕುಮ ಹಚ್ಚಿದಳು. "ಉಡಿ ಒಡ್ಡ್ರಿ." ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಹಾಕಿದಳು, ಬಳೆ ಹಾಕಿದಳು. ಕಣ ತೆಗೆಯುವಾಗ ಮಾತ್ರ ಅವಳ ಕೈ ತಡೆಯಿತು. "ಅತ್ತ್ಯಾರ, ಇದು ನೀವು ನೀರಿಗೆ ಬಿಟ್ಟದ್ದs ರಿ. ಬ್ಯಾರೆ ಉಳಿದಿಲ್ಲ. ತಪ್ಪಾತೇನೋ."

ಹುಲಗಮ್ಮ ಒದ್ದೆ ಕಣವನ್ನು ನೋಡಿದಳು, ಸುತ್ತಲಿನ ನೀರನ್ನು ನೋಡಿದಳು. "ಹಾಕಬೇ ಹುಚ್ಚಿ. ತವರಮನಿ ತಗೊಂಡಾಕಿ ಗಂಗವ್ವ. ಇವತ್ತು ತವರಾಕ್ಯಾಗಿ ಉಡಿ ತುಂಬಾಕಿನೂ ಆಕಿನ. ತಪ್ಪೇನ್ ಬಂತು?"

ತಿರುಗಿ ಬಂದಾಗ ದೊಡ್ಡ ಬೋಟಿನ ಎಂಜಿನ್ನು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಸಣ್ಣದೇ ಅದನ್ನು ದಂಡೆಯವರೆಗೆ ಎಳೆದು ತಂದಿತು. ತಿರುಮಲೇಶ ಕನ್ನಡಕ ತೆಗೆದು, "ಅಕ್ಕಾರ, ನಿಮ್ಮ ವಿಚಾರ?" ಅಂದ.

"ದೊಡ್ಡದು ಛಲೋ ಐತ್ರಿ, ಸುಳ್ಳು ಹೇಳೂದಿಲ್ಲ," ಅಂದಳು ರೇಣುಕಾ. "ಆದರ ಎರಡು ಎಂಜಿನ್ ಒಂದs ಬೋಟಿನಾಗ ಇದ್ರ ಒಂದs ಸಲ ಎರಡೂ ಉಪವಾಸ ಬೀಳತಾವು. ಎರಡು ಎಂಜಿನ್ ಎರಡು ಬೋಟಿನಾಗ ಇರ್ಲಿ. ಸಣ್ಣವು ಎರಡು ಕೊಡ್ರಿ."

"ನಾ ಮೊದಲs ಅಂದಿರಲಿಲ್ಲೇನು?" ಅಂದಳು ಭೀಮಕ್ಕ.

"ಅಂದಿದ್ದಿ. ಅದಕs ಒಂದು ಬೋಟಿಗೆ ನಿನ್ನ ಹೆಸರು ಇಡತೀನಿ. ಇನ್ಮ್ಯಾಲ ಎಂಜಿನ್ ಆರಿಸಿದ ಮ್ಯಾಲನ ಉಡಿ. ತಿಳೀತೇನ್ರಬೇ?" ಎಲ್ಲರೂ ತಲೆಯಾಡಿಸಿದರು.

ಹುಲಗಮ್ಮ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಓಣಿಯ ನಡುವೆ, ಎಲ್ಲರಿಗೂ ಕಾಣುವ ಹಾಗೆ ನಡೆದು ಮನೆಗೆ ಬಂದಳು. ಕಟ್ಟೆಯ ಮೇಲೆ ಮುದುಕಪ್ಪ ಅದೇ ಜಾಗದಲ್ಲಿ ಕೂತಿದ್ದ. ಹೆಂಡತಿಯ ಉಬ್ಬಿದ ಉಡಿಯನ್ನೂ ಕೆಂಪಾದ ಕಣ್ಣನ್ನೂ ನೋಡಿದ.

"ಎಲ್ಲಿಗ್ಹೋಗಿದ್ದಿ?"

"ತವರಮನಿಗೆ," ಅಂದಳು ಹುಲಗಮ್ಮ, ಗತ್ತಿನಿಂದ.

ಮುದುಕಪ್ಪ ಸರಿದು ದಾರಿ ಬಿಟ್ಟ.

"ಇಷ್ಟು ಲಗೂ ಯಾಕ ಬಂದಿ? ನಾಕು ದಿನ ಇದ್ದು ಬರಬೇಕಿಲ್ಲ?"