ಲೆನ್ಸ್: ಇಲ್ಲ

ಜಪಾನಿನ ಸುವಾ ಸರೋವರದ ದಂಡೆಯ ನಮ್ಮ ಛಾಯಾಗ್ರಾಹಕರ ಸಂಘದಲ್ಲಿ ಹನ್ನೊಂದು ಜನ ಸದಸ್ಯರು, ಮೂವತ್ತೆರಡು ನಿಯಮಗಳು. ತಲೆಗೆ ಸುಮಾರು ಮೂರು ನಿಯಮ ಬೀಳುತ್ತವೆ. ನನ್ನ ಪಾಲಿನ ಮೂರನ್ನು ಯಾರಿಗಾದರೂ ದಾನ ಮಾಡೋಣವೆಂದು ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಗಿರಾಕಿ ಸಿಕ್ಕಿಲ್ಲ. ಸಭೆ ನಡೆಯುವುದು ನನ್ನ ಸೋಬಾ ಶಾವಿಗೆ ಅಂಗಡಿಯ ಮಹಡಿಯಲ್ಲಿ, ಮಧ್ಯಾಹ್ನದ ಊಟದವರು ಎದ್ದುಹೋದ ಮೇಲೆ. ಮಹಡಿ ನನ್ನದು ಎಂಬ ಒಂದೇ ಅರ್ಹತೆಯ ಮೇಲೆ ನಾನು ಕಾರ್ಯದರ್ಶಿ.

ಅಧ್ಯಕ್ಷರು ಫುಜಿಮೋರಿ. ನಗರಸಭೆಯ ಕಚೇರಿಯಲ್ಲಿ ನಲವತ್ತು ವರ್ಷ ಜನನ ಮರಣಗಳ ನೋಂದಣಿ ನೋಡಿಕೊಂಡು ನಿವೃತ್ತರಾದವರು. ಯಾರು ಹುಟ್ಟಿದರು, ಯಾರು ಸತ್ತರು ಎಂಬುದನ್ನು ಕಾಗದ ಹೇಳಬೇಕು, ಮನುಷ್ಯರಲ್ಲ ಎನ್ನುವುದು ಅವರ ಮತ. ಒಮ್ಮೆ ಯಾರೋ ಒಬ್ಬರು ಕಿಟಕಿಯ ಮುಂದೆ ಬಂದು "ನಾನು ಬದುಕಿದ್ದೀನಿ ಸ್ವಾಮಿ" ಎಂದಿದ್ದಕ್ಕೆ, ಫುಜಿಮೋರಿ ಕಡತದಿಂದ ತಲೆಯೆತ್ತದೆ "ಇರಬಹುದು" ಎಂದಿದ್ದರಂತೆ.

ನಮ್ಮ ಏಳನೆಯ ನಿಯಮ ಅವರೇ ಬರೆದದ್ದು. ಎರಡು ವರ್ಷದ ಹಿಂದೆ ನಮ್ಮ ಸದಸ್ಯ ಯಾಜಾಕಿ ತನ್ನ ಮೊಮ್ಮಗಳು ಫೋನಿನಲ್ಲಿ ತೆಗೆದ ಬಾತುಕೋಳಿಯನ್ನು ತನ್ನದೆಂದು ಸ್ಪರ್ಧೆಗೆ ಕಳಿಸಿ ಬಹುಮಾನ ಹೊಡೆದುಕೊಂಡಿದ್ದ. ಅಂದಿನಿಂದ, ಸ್ಪರ್ಧಿ ಅರ್ಜಿಯಲ್ಲಿ ಬರೆದದ್ದಕ್ಕೂ ಕ್ಯಾಮೆರಾ ತಾನಾಗಿ ಚಿತ್ರದೊಳಗೆ ಬರೆದುಕೊಳ್ಳುವ ದಾಖಲೆಗೂ ವ್ಯತ್ಯಾಸ ಬಂದರೆ ದಾಖಲೆಯೇ ಅಂತಿಮ.

ಹೋದ ಶರತ್ಕಾಲದಲ್ಲಿ ಮಿಯಾಸಾಕಾ ಕಿಯೊ ನಮ್ಮ ಸಂಘಕ್ಕೆ ಸೇರಿದರು. ಎಪ್ಪತ್ತೆಂಟು ವರ್ಷ. ಸರೋವರದ ದಂಡೆಯಲ್ಲಿ ಮೊದಲು ಲೆನ್ಸ್ ಕಾರ್ಖಾನೆಯಿತ್ತು, ಈಗ ಅಲ್ಲಿ ಸೂಪರ್‌ಮಾರ್ಕೆಟ್ಟಿನವರು ಕಾರು ನಿಲ್ಲಿಸುತ್ತಾರೆ. ಆ ಕಾರ್ಖಾನೆಯಲ್ಲಿ ಕಿಯೊ ಮೂವತ್ತನಾಲ್ಕು ವರ್ಷ ಗಾಜು ಉಜ್ಜಿ ನುಣುಪು ಮಾಡಿದವರು. ಸ್ಟೇಷನ್ ಹತ್ತಿರದ ಹಳೇ ಕ್ಯಾಮೆರಾ ಅಂಗಡಿಯಲ್ಲಿ ತಮ್ಮ ಕಾರ್ಖಾನೆಯ ಲೆನ್ಸೊಂದು ಅವರ ಕಣ್ಣಿಗೆ ಬಿತ್ತು. ಮೈಮೇಲಿನ ಸಂಖ್ಯೆ ನೋಡಿಯೇ ಯಾವ ವರ್ಷದ್ದೆಂದು ಹೇಳಿದರಂತೆ. ಅದನ್ನು ಕೊಂಡರು. ಅದನ್ನು ಹಾಕಲೆಂದೇ ಹೊಚ್ಚಹೊಸ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಕೊಂಡರು. ಎರಡನ್ನೂ ಜೋಡಿಸುವ ಉಂಗುರವನ್ನೂ ಕೊಂಡರು. ಅಲ್ಲಿಯವರೆಗೆ ಅವರು ಜೀವಮಾನದಲ್ಲಿ ಒಂದೇ ಒಂದು ಫೋಟೋವನ್ನೂ ತೆಗೆದಿರಲಿಲ್ಲ.

"ಲೆನ್ಸಿನೊಳಗೆ ನಾನು ಇಣುಕಿದ್ದೇ ಗೀರು ಹುಡುಕೋಕೆ. ಆ ಕಡೆ ಪ್ರಪಂಚ ಕಾಣುತ್ತೆ ಅಂತ ಈಗ ಗೊತ್ತಾಯ್ತು ನೋಡು" ಎಂದು ನನಗೆ ಹೇಳಿದರು.

ಸೇರುವ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. "ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಚೀಟಿ ಅಂಟಿಸ್ತೀರಲ್ಲಾ, ಅದರಲ್ಲಿ ಲೆನ್ಸಿಗೆ ಅಂತ ಒಂದು ಅಂಕಣ ಇರುತ್ತಾ?"

"ಇರುತ್ತೆ ಅಜ್ಜಿ."

"ಹಾಗಾದ್ರೆ ಸೇರ್ತೀನಿ. ನಂಗೆ ಆ ಅಂಕಣ ಬೇಕು. ಮಿಕ್ಕಿದ್ದು ನೀವೇ ಇಟ್ಕೊಳಿ."

ಫೆಬ್ರವರಿಯ ಸ್ಪರ್ಧೆಗೆ ಹೆಸರು ಮುಚ್ಚಿಟ್ಟು ಮತ ಹಾಕಿದೆವು. ಹನ್ನೊಂದರಲ್ಲಿ ಒಂಬತ್ತು ಮತ ಒಂದೇ ಚಿತ್ರಕ್ಕೆ ಬಿದ್ದವು. ಸರೋವರದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಮುದುಕಿಯರು ಸಾಲಾಗಿ ಕಾಲು ಇಳಿಬಿಟ್ಟು ಕೂತಿದ್ದಾರೆ. ಹಬೆಯ ಹಿಂದೆ ಬೆಳಗಿನ ಸೂರ್ಯ, ಆ ಬೆಳಕು ಹಳೇ ಗಾಜಿನೊಳಗೆ ದಾರಿ ತಪ್ಪಿ ಉಂಗುರ ಉಂಗುರವಾಗಿ ಕಾಲುಗಳ ಮೇಲೆಲ್ಲ ಹರಡಿದೆ. ಹೆಸರು ತೆರೆದು ನೋಡಿದರೆ ಕಿಯೊ ಅಜ್ಜಿಯದು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನಾನು ಮೂವತ್ತು ವರ್ಷದಿಂದ ಅದೇ ತೊಟ್ಟಿಯ ಫೋಟೋ ತೆಗೆಯುತ್ತಿದ್ದೇನೆ.

ಅಧ್ಯಕ್ಷರು ಕನ್ನಡಕ ಏರಿಸಿ ದಾಖಲೆ ತೆರೆದರು. ಕ್ಯಾಮೆರಾ, ಸರಿ. ದಿನಾಂಕ, ಸರಿ. ದ್ಯುತಿರಂಧ್ರ, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ತೂತಿನ ಅಳತೆ, ಸೊನ್ನೆ. ಲೆನ್ಸ್, ಇಲ್ಲ.

ಇದು ಕ್ಯಾಮೆರಾಗಳ ಸ್ವಭಾವ. ಹೊಸ ಕ್ಯಾಮೆರಾ ತನ್ನ ಲೆನ್ಸನ್ನು ವಿದ್ಯುತ್ತಿನ ಭಾಷೆಯಲ್ಲಿ ಮಾತಾಡಿಸುತ್ತದೆ. ಹಳೇ ಲೆನ್ಸು ಬರೀ ಗಾಜು ಮತ್ತು ಹಿತ್ತಾಳೆ, ಅದು ಉತ್ತರ ಕೊಡುವುದಿಲ್ಲ. ಉತ್ತರ ಬರಲಿಲ್ಲವೆಂದರೆ ಎದುರಿಗೆ ಯಾರೂ ಇಲ್ಲವೆಂದೇ ಕ್ಯಾಮೆರಾದ ಲೆಕ್ಕ. 'ಲೆನ್ಸ್ ಇಲ್ಲದಿದ್ದರೂ ತೆಗೆ' ಎಂದು ನಾವೇ ಒಳಗೆ ಅನುಮತಿ ಕೊಟ್ಟರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಇದನ್ನೆಲ್ಲ ನಾನು ಅಧ್ಯಕ್ಷರಿಗೆ ಬಿಡಿಸಿ ಹೇಳಿದೆ. ಕಿಯೊ ಅಜ್ಜಿ ಲೆನ್ಸನ್ನೇ ಬಿಚ್ಚಿ ಉಪ್ಪಿನಕಾಯಿ ತಟ್ಟೆಯ ಪಕ್ಕ ಇಟ್ಟರು.

"ನೋಡಿ, ಇಲ್ಲೇ ಇದೆಯಲ್ಲ."

"ಕಾಣ್ತಿದೆ," ಎಂದರು ಅಧ್ಯಕ್ಷರು. "ಕಾಣೋದು ಬೇರೆ, ದಾಖಲಾಗೋದು ಬೇರೆ ಕಣಮ್ಮ."

"ಮುಟ್ಟಿ ನೋಡಿ ಬೇಕಾದ್ರೆ."

"ಮುಟ್ಟಿದ್ರೂ ಅಷ್ಟೇ. ಏಳನೇ ನಿಯಮ."

ಯಾಜಾಕಿಗೆ ತನ್ನ ಬಾತುಕೋಳಿಯ ಸೇಡು ತೀರಿಸಿಕೊಳ್ಳುವ ಅವಕಾಶ ಸಿಕ್ಕಿತು. "ಹೌದ್ರೀ ಅಧ್ಯಕ್ಷರೇ, ಲೆನ್ಸ್ ಇಲ್ದೆ ಫೋಟೋ ಬರಲ್ಲ. ಬಂದಿದೆ ಅಂದ್ರೆ ಪವಾಡ. ಪವಾಡ ಆದ್ರೆ ದೇಗುಲದೋರಿಗೆ ಕೊಡ್ಬೇಕು, ನಮ್ಮ ಸ್ಪರ್ಧೇಲಿ ಆ ವಿಭಾಗ ಇಲ್ಲ."

ಅವನು ತಮಾಷೆಗೆ ಹೇಳಿದ್ದು. ಅಧ್ಯಕ್ಷರು ತಮಾಷೆಯ ಮನುಷ್ಯರಲ್ಲ. ಎರಡು ಗಂಟೆ ಚರ್ಚೆ, ಮೂರು ಕೆಟಲ್ ಚಹಾ. ಕೊನೆಗೆ ಹೊಸ ವಿಭಾಗ ಹುಟ್ಟಿತು: ಲೆನ್ಸ್‌ರಹಿತ ಛಾಯಾಗ್ರಹಣ. ಸ್ಪರ್ಧಿ ಒಬ್ಬರೇ, ಪ್ರಥಮ ಬಹುಮಾನ ಕಿಯೊ ಅಜ್ಜಿಗೆ. 'ಲೆನ್ಸನ್ನು ಬಳಸದೆಯೇ ಉತ್ತಮ ಚಿತ್ರ ತೆಗೆದುದಕ್ಕಾಗಿ' ಎಂಬ ಪ್ರಶಸ್ತಿಪತ್ರ. ಅಚ್ಚು ಹಾಕಿಸಿದವನು ನಾನು. ವಾದ ಮಾಡಿ ಸುಸ್ತಾಗಿತ್ತು, ರಾತ್ರಿಯ ಊಟಕ್ಕೆ ಸಾರು ಇಡಬೇಕಿತ್ತು. ಇವೆಲ್ಲ ನೆಪ ಎಂದು ಆಗಲೂ ನನಗೆ ಗೊತ್ತಿತ್ತು.

ಸುದ್ದಿ ಪತ್ರಿಕೆಗೆ ಹೋಯಿತು. 'ಲೆನ್ಸ್ ಇಲ್ಲದೆ ಫೋಟೋ ತೆಗೆಯುವ ಎಪ್ಪತ್ತೆಂಟರ ಅಜ್ಜಿ.' ಮರುದಿನದಿಂದ ಕಿಯೊ ಮನೆಯ ಮುಂದೆ ಜನ. ಪಕ್ಕದೂರಿನಿಂದ ಕಣ್ಣಿನ ಪೊರೆ ಬಂದವನೊಬ್ಬ ಕಿತ್ತಳೆ ಬುಟ್ಟಿ ಹಿಡಿದು ಬಂದು, ಆಪರೇಷನ್ ಇಲ್ಲದೆ ನೋಡುವ ಗುಟ್ಟು ತನಗೂ ಹೇಳಿಕೊಡಬೇಕೆಂದು ಕೂತ.

"ನನ್ನ ಎರಡೂ ಕಣ್ಣಿಗೆ ಡಾಕ್ಟ್ರು ಲೆನ್ಸ್ ಹಾಕಿದಾರೆ ಕಣಯ್ಯ!" ಎಂದು ಅಜ್ಜಿ ರೇಗಿದರು.

"ಎಷ್ಟು ವಿನಯ ನೋಡಿ ಇವ್ರಿಗೆ," ಎಂದು ಅವನು ಕೈಮುಗಿದ.

ಪ್ರದರ್ಶನದ ದಿನ ಸಮುದಾಯ ಭವನ ತುಂಬಿತ್ತು. ಅಧ್ಯಕ್ಷರು ಪ್ರಶಸ್ತಿಪತ್ರ ಓದಿದರು. ಕಿಯೊ ಅಜ್ಜಿ ತಗ್ಗಿ ವಂದಿಸಿ ಎರಡೂ ಕೈಯಲ್ಲಿ ತೆಗೆದುಕೊಂಡು, ಚಿತ್ರದ ಕೆಳಗಿನ ಚೀಟಿಯ ಮುಂದೆ ಹೋಗಿ ನಿಂತರು. ಲೆನ್ಸ್: ಇಲ್ಲ. ಅಳುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು. ಅಳಲಿಲ್ಲ. ಕ್ಯಾಮೆರಾದಿಂದ ಉಂಗುರ ಸಮೇತ ಲೆನ್ಸನ್ನು ತಿರುಗಿಸಿ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡರು. ಬಾಯಿ ತೆರೆದ ಕ್ಯಾಮೆರಾವನ್ನು ನನ್ನ ಕೈಗಿಟ್ಟರು.

"ಒಗುಚಿ, ಗುಂಪು ಫೋಟೋ ತೆಗಿ. ನಾನು ತೆಗಿಯೋ ಹಾಗೇ ತೆಗಿ."

ಎಲ್ಲರೂ ಸಾಲಾಗಿ ನಿಂತರು. ಪರದೆಯಲ್ಲಿ ಬರೀ ಬೂದು. ನಾನು ಆ ಬೂದನ್ನೇ ನೋಡುತ್ತ "ಯಾಜಾಕಿ, ಸ್ವಲ್ಪ ಒಳಗೆ ಬಾ" ಎಂದೆ. ಅವನು ಸರಿದು ನಿಂತ. ಎಲ್ಲರೂ ನಕ್ಕರು, ನಾನು ಒತ್ತಿದೆ.

ಗುಂಪು ಚಿತ್ರವನ್ನು ಅಲ್ಲೇ ಅಚ್ಚು ತೆಗೆದು ಕೆಳಗೆ ಹೆಸರು ಬರೆದು ತೂಗುಹಾಕಬೇಕೆನ್ನುವುದು ಹತ್ತೊಂಬತ್ತನೆಯ ನಿಯಮ. ಯಂತ್ರದಿಂದ ಬೂದು ಹಾಳೆಯೊಂದು ಹೊರಬಂತು. ಅಧ್ಯಕ್ಷರು ಪೆನ್ನು ತೆಗೆದು 'ಎಡದಿಂದ' ಎಂದು ಬರೆದು ನಿಂತುಬಿಟ್ಟರು.

"ಇದರಲ್ಲಿ ನಾನೆಲ್ಲಿ?"

"ಮೂರನೆಯವರು ನೀವೇ," ಎಂದೆ. "ದಾಖಲೆ ನೋಡಿ. ಲೆನ್ಸ್ ಇಲ್ಲ, ದ್ಯುತಿರಂಧ್ರ ಸೊನ್ನೆ. ಅಜ್ಜಿ ಚಿತ್ರದ್ದೂ ಇದೇ. ನಿಯಮದ ಪ್ರಕಾರ ಎರಡೂ ಒಂದೇ ತರ."

ಅವರು ಬೂದು ಹಾಳೆಯನ್ನೂ ಗೋಡೆಯ ಮೇಲಿನ ಮುದುಕಿಯರ ಕಾಲುಗಳನ್ನೂ ಎಷ್ಟೋ ಹೊತ್ತು ನೋಡಿದರು. ಆಮೇಲೆ ಗೋಡೆಯಿಂದ ಚೀಟಿ ಕಿತ್ತು ಮೇಜಿನ ಮೇಲಿಟ್ಟು, ನೋಂದಣಿ ಪುಸ್ತಕದಲ್ಲಿ ತಪ್ಪು ತಿದ್ದುವಾಗ ಮಾಡುವಂತೆಯೇ 'ಇಲ್ಲ'ದ ಮೇಲೆ ಎರಡು ನೇರ ಗೆರೆ ಎಳೆದರು. ಜೇಬಿನಿಂದ ತಮ್ಮ ಹೆಸರಿನ ಪುಟ್ಟ ಮೊಹರು ತೆಗೆದು ಅದರ ಮೇಲೆ ಒತ್ತಿದರು. ಅವರು ಅದನ್ನು ಯಾವಾಗಲೂ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆಂದು ನನಗೆ ಅಂದೇ ತಿಳಿದದ್ದು.

"ಏನು ಬರೀಲಮ್ಮ ಇಲ್ಲಿ?"

ಕಾರ್ಖಾನೆಯ ಹೆಸರು ಹೇಳುತ್ತಾರೆ ಎಂದುಕೊಂಡೆವು.

"ಒಳಗೆ ಆರು ಗಾಜು ಇದಾವೆ," ಎಂದರು ಕಿಯೊ. "ಆ ವರ್ಷ ಅದನ್ನ ಉಜ್ಜಿದ್ದು ಮೂರೇ ಜನ. ಮುಂದಿನ ದೊಡ್ಡ ಗಾಜು ಕೊಮಾಟ್ಸು ಸುಮಿದು. ಅವಳ ಕೈ ನನಗಿಂತ ಚೆನ್ನಾಗಿತ್ತು. ಅವಳದೇ ಮೊದಲು ಬರೀರಿ."

"ಸುಮಿ ಅಂದ್ರೆ ಯಾವ ಅಕ್ಷರ?" ಎಂದರು ಅಧ್ಯಕ್ಷರು, ಅಭ್ಯಾಸಬಲದಿಂದ. ನಮ್ಮಲ್ಲಿ ಒಂದೇ ಉಚ್ಚಾರಣೆಯ ಹೆಸರನ್ನು ಹಲವು ಬೇರೆ ಬೇರೆ ಅಕ್ಷರಗಳಲ್ಲಿ ಬರೆಯಬಹುದು.

"ಯಾರಿಗೆ ಗೊತ್ತು? ಕೂಗಿದ್ರೆ ತಿರುಗ್ತಿದ್ಲು. ಅವಳು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ."

ಅಧ್ಯಕ್ಷರ ಪೆನ್ನು ನಿಂತಿತು. "ಗೊತ್ತು. ಬೆಟ್ಟದ ಮೇಲಿನ ಕೇರಿ, ಕೊಮಾಟ್ಸು ಮನೆ. ಆ ಮರಣದ ಅರ್ಜಿ ನನ್ನ ಕಿಟಕಿಗೇ ಬಂದಿತ್ತು. ಉದ್ಯೋಗ ಅಂತ ಕೇಳಿದ ಜಾಗದಲ್ಲಿ 'ಇಲ್ಲ' ಅಂತಿತ್ತು. ಸರಿ ಅಂತ ಮೊಹರು ಒತ್ತಿದ್ದೂ ನಾನೇ."

ಅವರು ಸುಮಿಯ ಹೆಸರನ್ನು ಸರಿಯಾದ ಅಕ್ಷರಗಳಲ್ಲೇ ಬರೆದರು, ಅವರಿಗೆ ನೆನಪಿತ್ತು. ಅದರ ಕೆಳಗೆ ಕಿಯೊ ಹೆಸರು. ಕಿಯೊ ಹೇಳಿದ ಮೂರನೆಯ ಹೆಸರಿಗೆ ಬರುವಷ್ಟರಲ್ಲಿ ಅಂಕಣ ಮುಗಿದಿತ್ತು. ಫುಜಿಮೋರಿ ಒಮ್ಮೆ ಸುತ್ತ ನೋಡಿ, ಗೆರೆ ದಾಟಿ ಬರೆದರು.