ಮೂರು ನಲ್ಲಿಯ ಕಡಲು

“ನೋಡಿದ್ದೀನಿ,” ಅಂದ ಡ್ರೈವರ್, ಪೇಪರಿನಿಂದ ತಲೆ ಎತ್ತದೆ.

ಇಸ್ತ್ರಿಯಕ್ಕ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ಊರಿನ ಹೆಸರಿನ ಮುಂದೆ ಒಂದು ಗೀಟು ಎಳೆದು ಮುಂದಿನದನ್ನು ಓದಿದಳು. ಅದು ಬೆಟ್ಟದ ಮೇಲಿನ ಪಾರ್ಕು. ಅಲ್ಲಿ ಜಿಂಕೆಗಳು ಹತ್ತಿರ ಬಂದು ಕೈಯಿಂದಲೇ ಹುಲ್ಲು ತಿನ್ನುತ್ತವಂತೆ. ಅವಳ ಗಂಡ, ಆ ಡ್ರೈವರ್, ಅದನ್ನೂ ನೋಡಿದ್ದ. ಬಂದರಿನ ನಗರ, ನೋಡಿದ್ದ. ಕೋಟೆಯ ನಗರವನ್ನಂತೂ ನೋಡಿ ನೋಡಿ ಸಾಕಾಗಿತ್ತು. ಮಗಳು ಫೋನಿನಲ್ಲಿ ಹುಡುಕಿ ಬರೆದುಕೊಟ್ಟ ಪಟ್ಟಿಯಲ್ಲಿ ಊರು, ಬೀಚು, ಪಾರ್ಕು ಎಲ್ಲ ಸೇರಿ ಇಪ್ಪತ್ತೇಳು ಜಾಗಗಳಿದ್ದವು. ಇಪ್ಪತ್ತೇಳನ್ನೂ ಅವನು ನೋಡಿ ಮುಗಿಸಿದ್ದ. ಅವಳು ಒಂದನ್ನೂ ನೋಡಿರಲಿಲ್ಲ.

ಮೇಜಿನ ಮೇಲೆ ಕಂಪನಿಯ ಫಾರಂ ಬಿದ್ದಿತ್ತು. ಪ್ರವಾಸದ ಬಸ್ಸುಗಳನ್ನು ಓಡಿಸುವ ಆ ಕಂಪನಿ, ನಿವೃತ್ತನಾಗುವ ಪ್ರತಿ ಡ್ರೈವರಿಗೂ ಒಂದು ಪಾಸು ಕೊಡುತ್ತಿತ್ತು. ಮನೆಯ ಇಬ್ಬರಿಗೆ, ಹತ್ತು ದಿನ, ರಾಜ್ಯದೊಳಗೆ ಎಲ್ಲಿ ಬೇಕಾದರೂ. ಫಾರಂನಲ್ಲಿ ಆರು ಗೆರೆಗಳಿದ್ದವು. ಆರು ಜಾಗ ಬರೆಯಬೇಕು, ಬರೆದ ಮೇಲೆ ಬದಲಾಯಿಸುವ ಹಾಗಿಲ್ಲ, ಶುಕ್ರವಾರ ಸಂಜೆಯೊಳಗೆ ಆಫೀಸಿಗೆ ಮುಟ್ಟಿಸದಿದ್ದರೆ ಪಾಸೇ ರದ್ದು. ರಾಜ್ಯವೇನು ಚಿಕ್ಕದಲ್ಲ. ಒಂದು ತುದಿಯಲ್ಲಿ ಬಸ್ಸು ಹತ್ತಿದವರು ಇನ್ನೊಂದು ತುದಿಯಲ್ಲಿ ಇಳಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡು, ಯಾಕಾದರೂ ಹೊರಟೆವೋ ಅನ್ನುತ್ತಿದ್ದರು. ಅಂಥ ರಾಜ್ಯವನ್ನು ಆರು ಗೆರೆಗೆ ಇಳಿಸಬೇಕಿತ್ತು. ಆವತ್ತು ಆಗಲೇ ಬುಧವಾರ.

“ನೀನೂ ನಿನ್ನ ತಂಗೀನೂ ಹೋಗಿಬನ್ನಿ. ನಾನು ಆಫೀಸಲ್ಲಿ ಹೇಳ್ತೀನಿ,” ಅಂದ ಗಂಡ. ಎರಡು ವಾರದಿಂದ ಅವನದು ಇದೊಂದೇ ಮಾತು.

ಇಸ್ತ್ರಿಯಕ್ಕನಿಗೆ ತಂಗಿ ಬೇಕಿರಲಿಲ್ಲ. ತಂಗಿಯ ಜೊತೆ ಹೋದರೆ ದಾರಿಯುದ್ದಕ್ಕೂ ಅವಳ ಮೊಣಕಾಲಿನ ಕಥೆ ಕೇಳಬೇಕು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಬೇಕಿದ್ದವನು ಗಂಡನೇ. ಮದುವೆಯಾದ ಮೊದಲ ವರ್ಷ ಅವನು ಕೋಟೆಯ ನಗರದ ಬಗ್ಗೆ ಹೇಳಿ, ಮುಂದಿನ ಸೀಸನ್ನಿಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ಆ ಮುಂದಿನ ಸೀಸನ್ನು ಮೂವತ್ತೊಂದು ವರ್ಷ ಮುಂದಕ್ಕೆ ಹೋಗುತ್ತಲೇ ಇತ್ತು. ಸೀಸನ್ನಿನಲ್ಲಿ ಅವನಿಗೆ ರಜೆ ಇಲ್ಲ, ಸೀಸನ್ನು ಮುಗಿದ ಮೇಲೆ ಅವಳಿಗಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಹಾಕಿ ಅವಳ ನಿಜವಾದ ಹೆಸರೇ ಎಲ್ಲರಿಗೂ ಮರೆತುಹೋಗಿತ್ತು. ಈಗ ಇಬ್ಬರೂ ಮನೆಯಲ್ಲಿದ್ದರು. ಪಕ್ಕದ ಸೀಟಿನಲ್ಲಿ ಗಂಡ ಕೂತಿರಬೇಕು, ಅಷ್ಟೇ ಅವಳ ಆಸೆ. ಈ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಅಂತ ನಾಚಿಕೆ.

ಅದಕ್ಕೇ ಅವಳು ಸುತ್ತಿಬಳಸಿ ಶುರುಮಾಡಿದಳು. ಹೋಗಲಿ, ನೀವು ಬರಬೇಡಿ, ಆರಿಸುವುದಕ್ಕಾದರೂ ಸಹಾಯ ಮಾಡಿ ಅಂದಳು. ದೊಡ್ಡ ಬೀಚು ಹೇಗಿದೆ?

ಡ್ರೈವರಿಗೆ ಹುರುಪು ಬಂತು. ಪೇಪರು ಮಡಿಸಿ, ಅಲ್ಲಿ ಎಂಬತ್ತು ಬಸ್ಸು ಆರಾಮಾಗಿ ನಿಲ್ಲುತ್ತವೆ, ಎಡಗಡೆಯ ಸಾಲಿನಲ್ಲಿ ನಿಲ್ಲಿಸಿದರೆ ಎರಡು ಗಂಟೆಯ ಮೇಲೆ ನೆರಳು, ಬಲಗಡೆ ನಿಲ್ಲಿಸಿದವನ ಸೀಟು ಕಾದ ಹಂಚು, ಅಂದ. ಹಿಂದೆ ಒಬ್ಬ ಪಂಕ್ಚರ್ ಹಾಕುವವನಿದ್ದಾನೆ, ಒಳ್ಳೆಯ ಕೈ, ಅಂತಲೂ ಸೇರಿಸಿದ.

“ಅದಲ್ಲ. ಸಮುದ್ರ ಹೇಗಿದೆ?”

“ಸಮುದ್ರದ ಹಾಗೇ ಇದೆ.”

ಬೆಟ್ಟದ ಪಾರ್ಕಿನ ಬಗ್ಗೆ ಕೇಳಿದಳು. ಗೇಟಿನ ಹತ್ತಿರ ತಿರುವು ಕಷ್ಟ, ರಿವರ್ಸಿನಲ್ಲೇ ಹೋಗಬೇಕು. ಜಿಂಕೆ? ಇದ್ದಾವೆ. ಯಾವ ಬಣ್ಣ? ಜಿಂಕೆ ಬಣ್ಣ.

ಇಸ್ತ್ರಿಯಕ್ಕ ಪೆನ್ನು ಕೆಳಗಿಟ್ಟಳು. ಬಟ್ಟೆ ನೋಡಿ ಆಸಾಮಿಯ ಜಾತಕ ಹೇಳುವ ಹೆಂಗಸು ಅವಳು. ದಿಂಬಿನ ಕವರು ನೋಡಿ ರೋಗಿ ಅತ್ತಿದ್ದಾನೋ ಬೆವೆತಿದ್ದಾನೋ ಹೇಳಬಲ್ಲಳು. ಗಂಡನ ಯೂನಿಫಾರ್ಮಂತೂ ಪ್ರತಿ ಸೋಮವಾರ ಅವಳ ಕೈಯಿಂದಲೇ ಒಗೆಸಿಕೊಂಡಿತ್ತು. ಡೀಸೆಲ್ಲು, ಗ್ರೀಸು, ಟೀ ಕಲೆ, ಬೆನ್ನಿನ ಮೇಲೆ ಬೆವರಿನ ಬಿಳಿಗೆರೆ. ಆ ಸೋಮವಾರಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಜಾಲಾಡಿಸಿದಳು.

“ರೀ, ನಿಮ್ಮ ಪ್ಯಾಂಟಿನ ಮಡಿಕೆಯಲ್ಲಿ ಒಂದು ದಿನಕ್ಕೂ ಮರಳು ಸಿಕ್ಕಿಲ್ಲ ನಂಗೆ.”

ಡ್ರೈವರ್ ಮತ್ತೆ ಪೇಪರು ಬಿಡಿಸಿದ. ಬಿಡಿಸಿದ್ದು ತಲೆಕೆಳಗಾಗಿತ್ತು.

ಕೊನೆಗೆ ಪೇಪರಿನ ಹಿಂದಿನಿಂದಲೇ ನಿಜ ಹೇಳಿದ. ಗಾಡಿ ಬಿಟ್ಟು ಡ್ರೈವರ್ ಕದಲುವ ಹಾಗಿಲ್ಲ, ಒಳಗೆ ಜನರ ಸಾಮಾನಿರುತ್ತದೆ, ಅದು ಕಂಪನಿಯ ಮೊದಲನೇ ನಿಯಮ ಅಂದ. ಬೇರೆ ಡ್ರೈವರುಗಳು ಗಾಡಿಗೆ ಬೀಗ ಹಾಕಿ ಒಂದು ಸುತ್ತು ಹೋಗಿ ಬರುತ್ತಿದ್ದರು. ಇವನು ಹೋಗಲಿಲ್ಲ. ಡಿಪೋದಲ್ಲಿ ಇವನಿಗೆ ಗಡಿಯಾರ ಅಂತ ಅಡ್ಡಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮೂವತ್ತೊಂದು ವರ್ಷ ಅವನು ನೋಡಿದ್ದು ನಿಲ್ದಾಣಗಳನ್ನು, ಅಲ್ಲಿನ ಮರಗಳನ್ನು, ಕಕ್ಕಸುಗಳನ್ನು. ಮೊದಮೊದಲು ಯಾರಾದರೂ ಕೇಳಿದಾಗ ಮುಜುಗರಕ್ಕೆ ನೋಡಿದ್ದೀನಿ ಅಂದ. ಅಂದು ಅಂದು ಅವನಿಗೂ ಹಾಗೇ ಅನಿಸತೊಡಗಿತು. ಈಗ ಬೀದಿಯವರೆಲ್ಲ ಎಲ್ಲಿಗೆ ಹೊರಟರೂ ಅವನನ್ನೇ ಕೇಳಿ ಹೋಗುತ್ತಾರೆ. ಅವನ ಜೊತೆ ಹೋದ ಹೆಂಡತಿ ‘ಯಾವ ಕಡೆ ಹೋಗೋಣ’ ಅಂತ ಕೇಳಿದರೆ ಅವನು ಏನು ಹೇಳಬೇಕು?

“ಇನ್ನೊಬ್ಬರನ್ನ ದಾರಿ ಕೇಳ್ಕೊಂಡು ಹೋಗಬೇಕು ಕಣೇ ನಾನು. ನಾನು!” ಅಂದ.

ಇಸ್ತ್ರಿಯಕ್ಕನಿಗೆ ನಗು ಬಂತು, ನಕ್ಕಳು. ಏನೂ ನೋಡದೆ ಒಂದೇ ಕಡೆ ಕೂತವಳು ತಾನೊಬ್ಬಳೇ ಅಂದುಕೊಂಡಿದ್ದಳು. ಇವನೂ ಕೂತೇ ಇದ್ದ, ಇಂಜಿನ್ನಿನ ಪಕ್ಕದಲ್ಲಿ. ಹೊಟ್ಟೆಕಿಚ್ಚುಪಟ್ಟ ವರ್ಷಗಳೆಲ್ಲ ದಂಡವಾದವಲ್ಲ ಅನಿಸಿತು. ಒಳಗೆ ಹೋಗಿ ಟೀ ಮಾಡಿಕೊಂಡು ಬಂದಳು. ಲೋಟ ಅವನ ಕೈಗೆ ಕೊಡುತ್ತ ಒಂದು ಪ್ರಶ್ನೆ ಕೇಳಿದಳು. ಆಮೇಲೆ ಎಷ್ಟೋ ದಿನ ಆ ಪ್ರಶ್ನೆಗಾಗಿ ಅವಳು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

“ಜಾಗ ನೋಡಿಲ್ಲ, ಸರಿ. ನೋಡಿ ವಾಪಸ್ ಬರೋರ ಮುಖ ನೋಡಿದ್ದೀರಲ್ಲ? ಎಲ್ಲಿಂದ ಜನ ಹೇಗೆ ಬರ್ತಿದ್ರು?”

ಡ್ರೈವರ್ ಲೋಟ ಹಿಡಿದು ಅವಳನ್ನೇ ನೋಡಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಉತ್ತರ ಮಾತ್ರ ಅವನ ಹತ್ತಿರ ಗಂಟುಕಟ್ಟಿ ಇಟ್ಟಂತೆ ಇತ್ತು. ಹೊರಡುವ ಸಮಯವಾದಾಗ ಅವನು ಹಾರ್ನು ಹೊಡೆಯುತ್ತಿದ್ದ. ಐದು ನಿಮಿಷ ಕಾದು ಇನ್ನೊಂದು. ಕೆಲವು ಕಡೆ ಒಂದು ಹಾರ್ನಿಗೇ ಎಲ್ಲರೂ ಓಡಿಬರುತ್ತಿದ್ದರು. ಕೆಲವು ಕಡೆ ಹಾರ್ನೇ ಬೇಕಿರಲಿಲ್ಲ. ಜನ ಮೊದಲೇ ಬಂದು, ಚಪ್ಪಲಿ ಬಿಚ್ಚಿ ಕಾಲು ಚಾಚಿ, ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದರು. ಕೋಟೆಯ ನಗರ ಅಂಥದ್ದು. ಪಟ್ಟಿಯಲ್ಲಿ ಮೊದಲ ಹೆಸರೇ ಅದರದ್ದು. ದೊಡ್ಡ ಬೀಚು ಒಂದು ಹಾರ್ನು. ಬೆಟ್ಟದ ಪಾರ್ಕು ಎರಡು, ಮಕ್ಕಳಿದ್ದರೆ ಮೂರು. ಪಟ್ಟಿಯಲ್ಲಿ ಹೆಸರೇ ಇಲ್ಲದ ಒಂದು ಗಿರಣಿಯ ಊರಿತ್ತು. ಊಟಕ್ಕೆ ಅಂತ ಅಲ್ಲಿ ನಿಲ್ಲಿಸಿದರೆ ಜನ ಎದುರಿನ ಪಾರ್ಕಿಗೆ ನುಗ್ಗಿ ಮೂರು ಹಾರ್ನಿಗೂ ಏಳುತ್ತಿರಲಿಲ್ಲ, ಬರುವಾಗ ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಹಾಗಿರುತ್ತಿದ್ದರು. ಅಲ್ಲಿ ಏನಿದೆ ಅಂತ ಅವನಿಗೆ ಈವರೆಗೂ ಗೊತ್ತಿಲ್ಲ.

ಆ ಬುಧವಾರ ಮಧ್ಯಾಹ್ನ ಇಬ್ಬರೂ, ಹಾರ್ನು ಹೆಚ್ಚಿದಷ್ಟೂ ಜಾಗ ಒಳ್ಳೆಯದು ಅಂತ, ಮಗಳ ಪಟ್ಟಿಯ ಮೇಲೆ ಹಾರ್ನಿನ ಲೆಕ್ಕ ಬರೆದರು. ಸಂಜೆ ಬಂದ ಮಗಳು ಅದನ್ನು ನೋಡಿ, ನೂರಾರು ಜನ ಹೊಗಳಿ ಬರೆದ ಜಾಗಗಳನ್ನೆಲ್ಲ ಹೊಡೆದುಹಾಕಿ ಇದೇನು ಹುಚ್ಚು ಅಂತ ಮೂಗು ಮುರಿದಳು. ಇಸ್ತ್ರಿಯಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಒಂದು ವಿಷಯಕ್ಕೆ ಜಗಳವಾಯಿತು. ಕೋಟೆಯ ನಗರ ಬೇಕೇ ಬೇಕು ಅಂತ ಅವಳು ಪಟ್ಟು ಹಿಡಿದಳು. ಒಂದೂ ಹಾರ್ನಿಲ್ಲ ಅಂತ ಅವನು ಎಷ್ಟು ಹೇಳಿದರೂ, ಮದುವೆಯಾದ ಹೊಸದರಲ್ಲಿ ಹೊಟ್ಟೆಯೊಳಗೆ ಹೋದ ಆಸೆ, ಅದು ಹಾರ್ನಿನ ಮಾತು ಕೇಳುತ್ತದೆಯೇ? ಮೊದಲ ಗೆರೆಯಲ್ಲಿ ಅದನ್ನೇ ಬರೆದಳು.

ಕೊನೆಯ ಗೆರೆ ಉಳಿದಾಗ ಡ್ರೈವರ್, “ಐದು ಹಾರ್ನಿನ ಜಾಗ ಒಂದಿದೆ,” ಅಂದ. ಕರಾವಳಿಯ ರಸ್ತೆಯಲ್ಲಿ, ಎರಡು ಊರುಗಳ ನಡುವೆ, ಗಾಳಿಮರಗಳ ತೋಪಿನ ಹಿಂದೆ ಒಂದು ಬೀಚು. ನಿಲ್ದಾಣದಿಂದ ಕಡಲು ಕಾಣುವುದಿಲ್ಲ. ಹತ್ತೊಂಬತ್ತು ವರ್ಷ ಆ ದಾರಿಯಲ್ಲಿ ಓಡಿಸಿದ್ದಾನೆ, ಐದು ಹಾರ್ನಿಗಿಂತ ಕಡಿಮೆಗೆ ಜನ ಬಂದದ್ದೇ ಇಲ್ಲ. ಅದರ ಹೆಸರೇನು ಅಂದರೆ, ಡ್ರೈವರುಗಳೆಲ್ಲ ಅದನ್ನು ಕರೆಯುವುದು ಮೂರು ನಲ್ಲಿ ಅಂತ, ಯಾಕೆಂದರೆ ನಿಲ್ದಾಣದಲ್ಲಿ ಮೂರು ನಲ್ಲಿಗಳಿವೆ. ನಿಜವಾದ ಹೆಸರು ಅವನಿಗೆ ಗೊತ್ತಿಲ್ಲ. ಮಗಳು ನಕಾಶೆಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಇಸ್ತ್ರಿಯಕ್ಕ ದಪ್ಪ ಅಕ್ಷರದಲ್ಲಿ ಆರನೇ ಗೆರೆಯ ಮೇಲೆ ‘ಮೂರು ನಲ್ಲಿ’ ಅಂತ ಬರೆದು, ಕೆಳಗೆ ಪ್ರಯಾಣಿಕರ ಹೆಸರಿನ ಜಾಗದಲ್ಲಿ ಮೊದಲು ಗಂಡನದು, ಆಮೇಲೆ ತನ್ನದು ಬರೆದಳು. ಅವನು ನೋಡುತ್ತಿದ್ದ, ಬೇಡ ಅನ್ನಲಿಲ್ಲ. ಎರಡು ವಾರದ ಜಗಳವನ್ನು ಹೀಗೆ ಎರಡು ಸಾಲಿನಲ್ಲಿ ಗೆದ್ದ ಖುಷಿಗೆ ಅವಳು ಫಾರಂ ಎತ್ತಿ ಹಿಡಿದು ಇನ್ನೊಮ್ಮೆ ಓದಿಕೊಂಡಳು.

ಶುಕ್ರವಾರ ಆಫೀಸಿನ ಗುಮಾಸ್ತ ಫಾರಂ ಓದಿ, ಮೂರು ನಲ್ಲಿಗೆ ಬಂದಾಗ ರೆಪ್ಪೆ ಕೂಡ ಮಿಟುಕಿಸದೆ ಸೀಲು ಒತ್ತಿದ.

ಕೋಟೆಯ ನಗರದಲ್ಲಿ ಹಾರ್ನೇ ಗೆದ್ದಿತು. ಬಿಸಿಲಿಗೆ ಅಂಗಾಲು ಸುಟ್ಟು, ತಳ್ಳಾಟದಲ್ಲಿ ಸುಸ್ತಾಗಿ, ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ಇಬ್ಬರೂ ಬಸ್ಸಿಗೆ ಬಂದು ಕಾಲು ಚಾಚಿ ಕೂತರು. ಗಂಡ ಮೀಸೆಯಲ್ಲೇ ನಕ್ಕ. ಅಲ್ಲಿಂದಾಚೆ ಅವಳು ಹಾರ್ನಿಗೆ ಎದುರಾಡಲಿಲ್ಲ. ಗಿರಣಿಯ ಊರಿನ ಪಾರ್ಕಿನಲ್ಲಿ ಒಂದು ಹಳೆಯ ಕೊಳವಿತ್ತು, ಸುತ್ತ ಒರಗಿಕೊಳ್ಳುವ ಕಲ್ಲುಬೆಂಚುಗಳಿದ್ದವು, ಗಿರಣಿಯ ಸದ್ದು ದೂರದಿಂದ ಜೋಗುಳದಂತೆ ಕೇಳುತ್ತಿತ್ತು. ಇಬ್ಬರೂ ಅಲ್ಲಿ ಕೂತಲ್ಲೇ ನಿದ್ದೆ ಹೋದರು. ಬೆಟ್ಟದ ಮೇಲೆ ಒಂದು ಜಿಂಕೆ ಡ್ರೈವರನ ಅಂಗೈ ನೆಕ್ಕಿದಾಗ ಅವನು ಆ ಕೈಯನ್ನು ಬಹಳ ಹೊತ್ತು ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡಿದ್ದ. ಬಂದರಿನಲ್ಲಿ ಅವನು ಅಪರಿಚಿತನೊಬ್ಬನ ಹತ್ತಿರ ಹೋಗಿ, ಹಡಗು ನೋಡುವುದಕ್ಕೆ ಯಾವ ಕಡೆ ಹೋಗಬೇಕು ಅಂತ ದಾರಿ ಕೇಳಿದ. ಕೇಳಿ ಬಂದು ಹೆಂಡತಿಗೆ, ಅಷ್ಟೇನೂ ಕಷ್ಟವಿಲ್ಲ, ಅಂದ.

ಮೂರು ನಲ್ಲಿಗೆ ಬಸ್ಸು ಮುಟ್ಟಿದಾಗ ಮಧ್ಯಾಹ್ನ ಎರಡೂಕಾಲು. ಬಸ್ಸು ಓಡಿಸುತ್ತಿದ್ದವನು ಇವನಿಂದಲೇ ಕೆಲಸ ಕಲಿತವನು. ಮೂರೂವರೆಗೆ ಸರಿಯಾಗಿ ಹೊರಡುತ್ತೇವೆ ಅಂತ ಗಂಭೀರವಾಗಿ ಹೇಳಿ, ಗುರುವಿನ ಮುಖ ಕಂಡು ನಾಚಿಕೊಂಡ. ನಲ್ಲಿಗಳು ಮೂರೂ ಇದ್ದವು, ಎರಡರಲ್ಲಿ ನೀರಿತ್ತು. ಅವುಗಳನ್ನು ದಾಟಿದ ಮೇಲೆ ಕಾಲುದಾರಿ ಮರಗಳೊಳಗೆ ಹೋಗುತ್ತಿತ್ತು. ಡ್ರೈವರ್ ಅಲ್ಲಿ ಒಂದು ಗಳಿಗೆ ನಿಂತ. ಅಲ್ಲಿಂದಾಚೆ ಅವನು ಎಂದೂ ಕಾಲಿಟ್ಟಿರಲಿಲ್ಲ.

ತೋಪು ಮುಗಿದದ್ದೇ ತಡ, ಕಡಲು ಎದ್ದು ಬಂದ ಹಾಗೆ ಎದುರಾಯಿತು. ಅಲೆಗಳು ದೊಡ್ಡ ಸದ್ದು ಮಾಡುತ್ತ ದೂರದ ಬಂಡೆಗಳ ಸಾಲಿಗೆ ಬಡಿದು ಅಲ್ಲೇ ಸೋತು, ಈಚೆಗೆ ಬರುವಾಗ ನೀರು ಪಾದ ಮುಳುಗುವಷ್ಟೇ ಇರುತ್ತಿತ್ತು. ಜನ ನಡೆಯುತ್ತ ನಡೆಯುತ್ತ ಎಲ್ಲೋ ಹೋಗಿಬಿಟ್ಟಿದ್ದರು. ಅಷ್ಟು ದೂರದಲ್ಲೂ ನೀರು ಅವರ ಮೊಣಕಾಲು ದಾಟಿರಲಿಲ್ಲ. ಡ್ರೈವರ್ ಬೂಟು ಬಿಚ್ಚಿ, ಕಾಲುಚೀಲ ಮಡಿಸಿ ಒಳಗಿಟ್ಟು, ಪ್ಯಾಂಟು ಮೇಲಕ್ಕೆ ಮಡಚಿದ. ಅವನ ಕಾಲುಗಳು ಬಿಸಿಲು ಕಾಣದೆ ಬಿಳಚಿಕೊಂಡಿದ್ದವು. ಮೊದಲು ಮಕ್ಕಳಂತೆ ಹೆಂಡತಿಯ ಮೊಣಕೈ ಹಿಡಿದುಕೊಂಡ, ಆಮೇಲೆ ಬಿಟ್ಟ. ಇಬ್ಬರೂ ನಡೆದರು.

ಬಂಡೆಗಳು ಹತ್ತಿರವಾದಾಗ ಅವನು ಅಭ್ಯಾಸಬಲದಿಂದ ಕೈಗಡಿಯಾರ ನೋಡಿ ಬೆಚ್ಚಿಬಿದ್ದ. ನಾಲ್ಕಕ್ಕೆ ಐದು ನಿಮಿಷ. ಕಿವಿ ನಿಗುರಿಸಿ ನಿಂತ. ಅಲೆಗಳ ಮೊರೆತ ಬಿಟ್ಟರೆ ಇನ್ನೇನೂ ಇಲ್ಲ. ಹಿಂದಿರುಗಿ ನೋಡಿದ, ಮರಗಳ ತೋಪು ಅಂಗೈ ಅಗಲ ಕಾಣುತ್ತಿತ್ತು. ಮೆಲ್ಲಗೆ ಅವನ ಮುಖದ ಮೇಲೆ ಏನೋ ಬಿಚ್ಚಿಕೊಂಡಿತು.

“ಕೇಳಿಸಲ್ಲ ಕಣೇ,” ಅಂದ. “ಇಲ್ಲಿಗೆ ಹಾರ್ನು ಕೇಳಿಸೋದೇ ಇಲ್ಲ.”

ಹತ್ತೊಂಬತ್ತು ವರ್ಷ ಇಲ್ಲಿಂದ ಬಂದವರನ್ನೆಲ್ಲ ಅವನು ಬೈದಿದ್ದ. ಟ್ರಿಪ್ ಶೀಟಿನಲ್ಲಿ ‘ಶಿಸ್ತಿಲ್ಲದ ಪ್ರಯಾಣಿಕರು’ ಅಂತ ಬರೆದಿದ್ದ. ಪಾಪ, ಒಬ್ಬ ಮುದುಕಿಯನ್ನು ಇಡೀ ಬಸ್ಸಿನ ಮುಂದೆ ನಿಲ್ಲಿಸಿ ಗಡಿಯಾರ ತೋರಿಸಿದ್ದ. ಆ ಮುದುಕಿಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬೈಸಿಕೊಳ್ಳುತ್ತಲೂ ಅವಳು ನಗುತ್ತಿದ್ದಳು. ಇಸ್ತ್ರಿಯಕ್ಕನಿಗೆ ಇದನ್ನು ಹೇಳುತ್ತ ಹೇಳುತ್ತ ಅವನಿಗೆ ನಗು ತಡೆಯಲಾಗಲಿಲ್ಲ. ನೀರಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಅವಳೂ ನಕ್ಕಳು. ಅವನನ್ನು ಹೀಗೆ ಅವಳು ಯಾವತ್ತೂ ನೋಡಿರಲಿಲ್ಲ, ಮದುವೆಯ ಫೋಟೋದಲ್ಲೂ ಅವನು ಬಿಗಿದುಕೊಂಡೇ ನಿಂತಿದ್ದ.

ಈಗ ಓಡಿದರೆ ಬಸ್ಸು ಸಿಗಬಹುದೇನೋ ಅಂದಳು ಅವಳು.

“ಪಾಸಿನವರಿಗೆ ಹತ್ತು ನಿಮಿಷದ ಮೇಲೆ ಕಾಯೋ ಹಾಗಿಲ್ಲ. ಅವನಿಗೆ ಆ ಪಾಠ ಹೇಳಿಕೊಟ್ಟಿದ್ದೇ ನಾನು. ಹೋಗಿರ್ತಾನೆ,” ಅಂದ ಡ್ರೈವರ್, ಶಿಷ್ಯನ ಬಗ್ಗೆ ಹೆಮ್ಮೆಯಿಂದ. “ಐದೂವರೆಗೆ ಇನ್ನೊಂದು ಬಸ್ಸಿದೆ. ಬ್ಯಾಗು ಡಿಪೋದಲ್ಲಿ ಇಳಿಸಿರ್ತಾನೆ. ನೀನು ಬಾ.”

ಕೈಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ಅವನು ಮುಂದೆ ಹೊರಟ. ಇಸ್ತ್ರಿಯಕ್ಕ ಗಾಳಿಗೆ ಬಿಚ್ಚಿದ ಕೂದಲು ಕಟ್ಟಿಕೊಂಡು ತಲೆಯೆತ್ತುವಷ್ಟರಲ್ಲಿ ಅವನು ಬಂಡೆಗಳ ಈಚೆಯ ತೆಳುನೀರಿನಲ್ಲೇ, ಅವಳಿಗಿಂತ ಬಹಳ ಮುಂದೆ, ಕೈಗಳನ್ನು ಅಗಲಿಸಿಕೊಂಡು ಹೋಗುತ್ತಿದ್ದ.

“ರೀ,” ಅಂತ ಕೂಗಿದಳು.

ಅಲೆಗಳ ಮೊರೆತದಲ್ಲಿ ಅವನಿಗೆ ಅದೂ ಕೇಳಿಸಲಿಲ್ಲ, ತಿರುಗಲಿಲ್ಲ. ಅವಳು ಮತ್ತೊಮ್ಮೆ ಕೂಗಲಿಲ್ಲ. ಬಟ್ಟೆಯ ಅಂಚನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಅವನ ಹಿಂದೆ ನಡೆದಳು. ನೀರು ಬೆಚ್ಚಗಿತ್ತು, ಇನ್ನೂ ಮೊಣಕಾಲಿಗೆ ಬಂದಿರಲಿಲ್ಲ.