ಗುಂಡಿ ಬಾಟಲಿಯ ಮುಚ್ಚಳ

ಒಂದು ಕಾಲದಲ್ಲಿ ಅತ್ತೆ ದಾರ ಪೋಣಿಸಿದರೆ ಸೂಜಿಗೇ ಗೊತ್ತಾಗ್ತಿರಲಿಲ್ಲ. ಹರಿದ ಕೋಟು ಕೊಟ್ಟೋರು ವಾಪಸ್ ತಗೊಂಡು ಹೋಗುವಾಗ, ಹರಿದಿದ್ದೆಲ್ಲಿ ಅಂತ ಹುಡುಕಿ ಹುಡುಕಿ ಕಣ್ಣು ನೋಯಿಸ್ಕೊಳ್ಳೋರು. ಅಂಥ ಕೈ. ಈಗ ನೋಡಿದರೆ ಶುಂಠಿ ಬೇರು. ಗಂಟು ಗಂಟಾಗಿ, ಜಗಳ ಆಡಿದ ಓರಗಿತ್ತಿಯರ ಥರ ಬೆರಳುಗಳೆಲ್ಲ ಒಂದೊಂದು ಕಡೆ ಮುಖ ತಿರುಗಿಸ್ಕೊಂಡಿವೆ. ಮನೆ ಮುಂಗೋಣೆಯಲ್ಲಿದ್ದ ಹೊಲಿಗೆ ಅಂಗಡಿ ಸೊಸೆ ಕೈಗೆ ಬಂತು. ಅತ್ತೆ ಪಕ್ಕದ ಕುರ್ಚಿಲಿ ಕೂತು ತಪ್ಪು ಹುಡುಕೋ ಕೆಲಸ ಇಟ್ಟುಕೊಂಡಳು. ಅದಕ್ಕೆ ಕೈ ಬೇಡ ನೋಡಿ, ಬಾಯಿ ಸಾಕು.

ಸಂಧಿವಾತಕ್ಕೆ ಲೋಕದ ಮಾತ್ರೆಯೆಲ್ಲ ನುಂಗಿ ಆಗಿತ್ತು. ಜಲ್ಲಡಿ ಆಗೋಷ್ಟು ಇಂಜೆಕ್ಷನ್ ಚುಚ್ಚಿಸ್ಕೊಂಡಿದ್ದೂ ಆಗಿತ್ತು. ಕಾಯಿಲೆ ಜಗ್ಗಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಹೊಸ ಚಿಕಿತ್ಸೆ ಪ್ರಯೋಗ ಮಾಡ್ತಾರೆ, ಸ್ಟೆಮ್ ಸೆಲ್ ಅಂತ, ಅಂದರು ಯಾರೋ. ಇಬ್ಬರೂ ಹೋದರು.

ಡಾಕ್ಟರಮ್ಮ ಗುಬ್ಬಚ್ಚಿ ಗಾತ್ರ. ಊದಿದರೆ ಪಕ್ಕದ ವಾರ್ಡಿಗೆ ಹಾರಿಹೋಗ್ತಾಳೆ. "ಅಮ್ಮ, ನಿಮ್ಮ ಮೈ ಕಾಯೋ ಪಡೆಯೇ ನಿಮ್ಮ ಕೀಲಿನ ಮೇಲೆ ಬಿದ್ದು ಹೊಡೀತಿದೆ. ಈ ಜೀವಕೋಶಗಳು ಹೋಗಿ ಅದನ್ನ ಸಮಾಧಾನ ಮಾಡ್ತಾವಾ ಅಂತ ನೋಡ್ತಿದ್ದೀವಿ. ಹಸುಗೂಸಿನ ಹೊಕ್ಕುಳಬಳ್ಳಿಯಿಂದ ತೆಗೆದು ಬೆಳೆಸಿದ್ದು," ಅಂದಳು.

"ಈ ವಯಸ್ಸಲ್ಲಿ ನನ್ನ ತೊಟ್ಟಿಲಿಗೆ ಹಾಕ್ತೀಯೇನಮ್ಮ?"

ಡಾಕ್ಟರಮ್ಮ ನಕ್ಕಳು. "ಆದರೆ ಕೆಲವರಿಗೆ ಬರೀ ಉಪ್ಪುನೀರು ಕೊಡ್ತೀವಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ. ಹಾಗಿದ್ದರೇನೇ ಪರೀಕ್ಷೆ ಸರಿ ಬರೋದು."

ಅತ್ತೆ ಸೊಸೆ ಕಡೆ ತಿರುಗಿ, "ನಿನ್ನ ಸಾರಿನ ಥರ ಕಣೇ. ಏನು ಹಾಕಿದ್ದೀಯ ಅಂತ ಮಾಡಿದೋಳಿಗೇ ಗೊತ್ತಿರಲ್ಲ," ಅಂದಳು.

ಒಪ್ಪಿಕೊಂಡು ಡ್ರಿಪ್ ಹಾಕಿಸ್ಕೊಂಡು ಬಂದಳು. ಅದರಲ್ಲಿದ್ದಿದ್ದು ಏನೋ, ದೇವರಿಗೇ ಗೊತ್ತು.

ಅಂಗಡಿಯಲ್ಲಿ ಒಂದು ಗಾಜಿನ ಬಾಟಲಿ. ಅದರ ತುಂಬ ಗುಂಡಿ. ತಗಡಿನ ಮುಚ್ಚಳ ಎಂಥ ಹಟಮಾರಿ ಅಂದರೆ ಪೈಲ್ವಾನನೂ ಬೆವರಬೇಕು. ಮೊದಲೆಲ್ಲ ಬೆಳಗಾದರೆ ಅದನ್ನ ತೆಗೆದೇ ಅತ್ತೆ ಅಂಗಡಿ ಶುರು ಮಾಡ್ತಿದ್ದಿದ್ದು. ಕೈ ಹೋದ ಮೇಲೆ ಆ ಬಾಟಲಿ ಕಡೆ ನೋಡೋದೇ ಬಿಟ್ಟಿದ್ದಳು. ಡ್ರಿಪ್ ಆಗಿ ಸ್ವಲ್ಪ ದಿನಕ್ಕೆ, ಅದೇನನ್ನಿಸಿತೋ, ಎರಡು ಅಂಗೈ ಮಧ್ಯೆ ಮುಚ್ಚಳ ಒತ್ತಿಕೊಂಡು ತಿರುಗಿಸಿದಳು. ಬಂದೇಬಿಡ್ತು!

"ಏ ಹುಡುಗೀ! ನೋಡೇ ಇಲ್ಲಿ!"

ಬೀದಿಗೆಲ್ಲ ಕೇಳೋ ಹಾಗೆ ಕೂಗಿದಳು. ಗಂಡ ಸತ್ತಾಗ್ಲೂ ಎಲ್ಲರೆದುರು ಅಳದ ಹೆಂಗಸು ಗುಂಡಿ ಮುಂದೆ ಕೂತು ಗಳಗಳ ಅತ್ತಳು.

ಸೊಸೆ ಮುಚ್ಚಳ ನೋಡಿ ಬೆಚ್ಚಿದಳು. ಹಿಂದಿನ ಸಂಜೆ ಅವಸರದಲ್ಲಿ ಮುಚ್ಚಳ ಬಿಗಿ ಮಾಡದೆ ಹಾಗೇ ಮೇಲಿಟ್ಟಿದ್ದೋಳು ಅವಳೇ. ಆಗಲೇ ಹೇಳಬೇಕಿತ್ತು. ಆ ಮುಖ ನೋಡಿ ನಾಲಿಗೆ ಏಳಲಿಲ್ಲ. ಅವತ್ತು ಸಂಜೆ ಬಿಗಿ ಮಾಡೋಕೆ ಹೋದಳು, ಕೈ ಬರಲಿಲ್ಲ. ಆಮೇಲೆ ಅದೇ ರೂಢಿ ಆಯ್ತು. ಸಂಜೆ ಇವಳು ಸಡಿಲ ಮಾಡೋದು, ಬೆಳಿಗ್ಗೆ ಅವಳು ತೆಗೆದು ರಾಜ್ಯ ಗೆದ್ದೋಳ ಹಾಗೆ ಬೀಗೋದು. ಅಂಗಿ ಕೊಡೋಕೆ ಬಂದೋರಿಗೆಲ್ಲ ಅದೇ ಕಥೆ. ಅದು ನಾಲ್ಕನೇ ಮನೆ ತಲುಪೋ ಹೊತ್ತಿಗೆ ಅತ್ತೆ ಕಬ್ಬಿಣದ ಸರಳು ಬಗ್ಗಿಸಿದ್ದಳು.

ತಪಾಸಣೆ ದಿನ ಬಂತು. ಡಾಕ್ಟರಮ್ಮ ಕೀಲುಗಳನ್ನ ಒತ್ತಿ ನೋಡಿದಳು. ಹಿಡಿತ ಅಳೆಯೋ ಮಷೀನು ಕೈಗೆ ಕೊಟ್ಟು ಅಮುಕಿ ಅಂದಳು. ಮುಳ್ಳು ಅಲ್ಲಾಡಿದ್ದು ಅಷ್ಟಕ್ಕಷ್ಟೇ.

"ಎಣ್ಣೆ ಬಿಡ್ರಮ್ಮ ನಿಮ್ಮ ಮಷೀನಿಗೆ. ಮನೇಲಿ ಬಾಟಲಿ ತೆಗೀತೀನಿ, ದಿನಾ!"

"ಊತ ಇನ್ನೂ ಇದೆ. ರಕ್ತ ಪರೀಕ್ಷೆನೂ ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ," ಡಾಕ್ಟರಮ್ಮ ಪೆನ್ನು ಕಚ್ಚಿಕೊಂಡಳು. "ಆದರೆ ಕೈಯಲ್ಲಿ ಕೆಲಸ ಆಗ್ತಿದೆ ಅಂತೀರಿ. ಹಾಗಾದರೆ ಸ್ಟೀರಾಯ್ಡ್ ಮಾತ್ರೆ ಅರ್ಧಕ್ಕೆ ಇಳಿಸೋಣ. ಅದು ಮೂಳೆ ತಿನ್ನುತ್ತೆ."

"ಪೂರ್ತಿ ನಿಲ್ಲಿಸಿಬಿಡಿ!" ಅಂದಳು ಅತ್ತೆ.

ಸೊಸೆ ಕುರ್ಚಿ ಅಂಚು ಗಟ್ಟಿಯಾಗಿ ಹಿಡ್ಕೊಂಡಳು. ಹಿಂದೆ ಒಂದು ಸಲ ಆ ಮಾತ್ರೆ ಇಳಿಸಿದ್ದಾಗ ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಹೊದಿಕೆ ತಾಗಿದರೂ ಚೀರೋಳು. ಬಾಯಿಗೆ ಚಮಚದಲ್ಲಿ ಗಂಜಿ ಹಾಕಿದ್ದು, ಎತ್ತಿ ಕೂರಿಸಿದ್ದು, ಎಲ್ಲ ಈ ಸೊಸೆನೇ. "ಸಾಯಿಸಿಬಿಡೇ" ಅಂತ ಅತ್ತೆ ಕೇಳಿಕೊಂಡಿದ್ದೂ ಇವಳನ್ನೇ.

"ಇಳಿಸಬೇಡಿ ಡಾಕ್ಟ್ರೇ," ಅಂದಳು. "ಮುಚ್ಚಳ ಸಡಿಲ ಇರುತ್ತೆ. ದಿನಾ ಸಂಜೆ ನಾನೇ ಸಡಿಲ ಮಾಡಿ ಇಡ್ತೀನಿ."

ಅತ್ತೆ ತನ್ನ ಕೈ ತಾನೇ ನೋಡ್ಕೊಂಡಳು.

"ಮೊದಲನೇ ದಿನಾನೂನಾ?"

"ಅವತ್ತು ಮರೆತು ಇಟ್ಟಿದ್ದೆ, ಅತ್ತೆ. ಆಮೇಲಿಂದೆಲ್ಲ ಬೇಕಂತಲೇ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. "ಮಾತ್ರೆ ಹಾಗೇ ಇರಲಿ. ಇಲ್ಲಿ ನಮಗೆ ಸಿಹಿ ಸುದ್ದಿ ಬೇಡಮ್ಮ, ಇದ್ದಿದ್ದು ಇದ್ದ ಹಾಗೆ ಬೇಕು. ನಾವು ಬರೆದಿದ್ದು ನೋಡಿ ನಾಳೆ ಬೇರೆಯೋರೂ ಈ ಔಷಧಿ ನಂಬ್ತಾರೆ," ಅಂದಳು ಅಷ್ಟೇ.

ಬಸ್ಸಲ್ಲಿ ಅತ್ತೆ ತುಟಿ ಬಿಚ್ಚಲಿಲ್ಲ. ನಿದ್ದೆಯಲ್ಲೂ ಸೊಸೆ ಹೊಲಿದ ಗುಂಡಿ ಕಾಜಾ ಸೊಟ್ಟ ಅಂತ ಗೊಣಗೋ ಹೆಂಗಸು! ಸೊಸೆಗೆ ಆ ದಾರಿ ಭೂಮಿ ಸುತ್ತಿ ಬಂದಷ್ಟು ಉದ್ದ ಆಯ್ತು.

ಮನೆಗೆ ಬಂದೋಳೇ ಅತ್ತೆ ಕುರ್ಚಿಲಿ ಕೂತಳು. "ಆ ಬಾಟಲಿ ತಗೊಂಬಾ. ಬಿಗಿ ಮಾಡು."

ಸೊಸೆ ತಿರುಗಿಸಿದಳು.

"ಇನ್ನೂ. ಊಟ ಮಾಡಿದ್ದೀಯ ತಾನೇ? ನನ್ನ ಮೇಲಿರೋ ಸಿಟ್ಟೆಲ್ಲ ಹಾಕಿ ತಿರುಗಿಸು."

ಆಮೇಲೆ ತಾನು ತಗೊಂಡಳು. ಅಂಗೈ ಮಧ್ಯೆ ಒತ್ತಿದಳು. ಕುತ್ತಿಗೆ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಮುಚ್ಚಳ ಕೂದಲೆಳೆಯಷ್ಟೂ ಜರುಗಲಿಲ್ಲ. ಸೊಸೆ ತಡೀಲಾರದೆ ಕೈ ಚಾಚಿದಳು.

"ಮುಟ್ಟಬೇಡ."

ಮೇಜಿನ ಮೇಲೆ ಗುಂಡಿ ಕಿತ್ತುಹೋದ ಅಂಗಿ ಒಂದು ಕಾಯ್ತಿತ್ತು. "ಅದನ್ನ ಸಂಜೆ ತಗೊಂಡು ಹೋಗೋಕೆ ಬರ್ತಾರೆ, ಅತ್ತೆ," ಅಂದಳು ಸೊಸೆ ಮೆಲ್ಲಗೆ.

"ಬರಲಿ. ಗುಂಡಿ ಇಲ್ಲ ಅನ್ನು." ಅತ್ತೆ ಬಾಟಲಿಯನ್ನ ಮಡಿಲಲ್ಲಿ ಇಟ್ಟುಕೊಂಡು ಉಸಿರು ಬಿಟ್ಟಳು. "ನಾಳೆ ಇನ್ನೊಂದು ಸಲ ನೋಡ್ತೀನಿ. ನೀನು ದೂರ ನಿಂತ್ಕೊ."